120 ಅಂದರೆ ಎಷ್ಟು ಹೊತ್ತು? ಗ್ರಿಡ್ ಮಿಡಲ್‌ವೇರ್ ಜೋಡಿಸಿದ ನನ್ನ ಅನುಭವ

"ಸರ್, ನಿಮ್ಮ ಸೈಟ್‌ನಲ್ಲಿ ಜಾಗ ಖಾಲಿ ಇದೆ ಅಂತ ತೋರಿಸ್ತಾ ಇದೆ. ಆದ್ರೆ ನನ್ನ ಜಾಬ್ ಅಲ್ಲಿಗೆ ಹೋಗ್ತಾನೇ ಇಲ್ಲ."

2012ರ ಕೊನೆಯಲ್ಲಿ ಬಂದ ಫೋನ್ ಇದು. ಸೈಟ್ ಅಂದರೆ ನಮ್ಮ ಕಂಪ್ಯೂಟರ್ ಕೇಂದ್ರ, ಜಾಬ್ ಅಂದರೆ ಅಲ್ಲಿನ ಮಷೀನ್‌ಗಳಿಗೆ ಕೊಡುವ ಲೆಕ್ಕದ ಕೆಲಸ. ಹಾಸನದ ಕಡೆಯ ಹುಡುಗ, ಮುಂಬೈನಲ್ಲಿ ಕಣ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದ. ನಾನು ಆಗ ಯುರೋಪಿನ ಒಂದು ವಿಶ್ವವಿದ್ಯಾಲಯದ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಸಿಸ್ಟಮ್ ಎಂಜಿನಿಯರ್. ಹೊಸ ಮಿಡಲ್‌ವೇರ್ ಪರೀಕ್ಷೆ ಮಾಡಲು ನಮಗೆ ನಿಜವಾದ, ಹೊತ್ತು ಹಿಡಿಯುವ ಜಾಬ್‌ಗಳು ಬೇಕಿದ್ದವು. ಕೇಳಿದ ತಕ್ಷಣ ಹುಡುಗ ಒಪ್ಪಿಕೊಂಡಿದ್ದ.

ಕಾರಣ ಹುಡುಕಲು ನನಗೆ ಒಂದೂವರೆ ದಿನ ಹಿಡಿಯಿತು. ನಮ್ಮ ಕ್ಯೂನಲ್ಲಿ ಒಂದು ಜಾಬ್ 48 ಗಂಟೆ ಓಡಬಹುದಿತ್ತು. ಈ ಮಿತಿಯನ್ನು ಸೈಟ್ ಹೊರಗೆ ಪ್ರಕಟಿಸಬೇಕು. ಹಳೆಯ ಪದ್ಧತಿಯಲ್ಲಿ ಅದನ್ನು ನಿಮಿಷದಲ್ಲಿ ಬರೆಯಬೇಕು, 2,880. ಹೊಸ ಪದ್ಧತಿಯಲ್ಲಿ ಸೆಕೆಂಡಿನಲ್ಲಿ, 1,72,800. ನಾನು ಬರೆದ ಸ್ಕ್ರಿಪ್ಟ್ ಹಳೆಯ 2,880ನ್ನೇ ಎತ್ತಿ ಹೊಸ ಜಾಗದಲ್ಲಿ ಇಟ್ಟಿತ್ತು. ಅಂದರೆ ನಮ್ಮ ಸೈಟ್ ಎಲ್ಲರಿಗೂ "ಇಲ್ಲಿ 48 ನಿಮಿಷ ಮಾತ್ರ" ಅಂತ ಹೇಳುತ್ತಿತ್ತು. ಹುಡುಗನ ಜಾಬ್‌ಗೆ 20 ಗಂಟೆ ಬೇಕು. ಅದು ನಮ್ಮ ಬಾಗಿಲಿಗೇ ಬರಲಿಲ್ಲ.

ಎಲ್ಲೂ ಎರರ್ ಇಲ್ಲ. ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಸುಮ್ನೆ ಖಾಲಿ ಕೂತಿದ್ದ ಮಷೀನ್‌ಗಳು, ಅಷ್ಟೇ.

ಈ ಕ್ಷೇತ್ರದ ಪರಿಚಯ ಇಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ ಎಲ್‌ಎಚ್‌ಸಿ ಯಂತ್ರದಿಂದ ಬರುವ ದತ್ತಾಂಶವನ್ನು ಒಂದೇ ಕಡೆ ಲೆಕ್ಕ ಹಾಕಿ ಮುಗಿಸಲು ಆಗುವುದಿಲ್ಲ. ಆ ಕೆಲಸವನ್ನು ಸುಮಾರು 40 ದೇಶಗಳ 170 ಕೇಂದ್ರಗಳು ಹಂಚಿಕೊಂಡಿವೆ. ಹೀಗೆ ಜೋಡಿಸಿದ ಕೇಂದ್ರಗಳ ಜಾಲವೇ ಗ್ರಿಡ್. ನಮ್ಮ ದೇಶದಲ್ಲಿ ಮುಂಬೈನ ಟಿಐಎಫ್‌ಆರ್ ಮತ್ತು ಕೋಲ್ಕತ್ತಾದ ವಿಇಸಿಸಿ ಎಂಬ ಸಂಶೋಧನಾ ಸಂಸ್ಥೆಗಳು ಇದರಲ್ಲಿ ಸೇರಿವೆ. ಒಂದೊಂದು ಕೇಂದ್ರದ ಮಷೀನ್ ಬೇರೆ, ಕ್ಯೂ ನಡೆಸುವ ಸಾಫ್ಟ್‌ವೇರ್ ಬೇರೆ, ನಿಯಮ ಬೇರೆ. ವಿಜ್ಞಾನಿಗೆ ಇದೆಲ್ಲ ಕಾಣಬಾರದು. ಅವನು ಒಂದು ಕಡೆ ಜಾಬ್ ಕೊಟ್ಟರೆ, ಎಲ್ಲಿ ಜಾಗ ಇದೆಯೋ ಅಲ್ಲಿ ಅದು ಓಡಬೇಕು. ಇದನ್ನು ಸಾಧಿಸುವ ನಡುವಿನ ಪದರವೇ ಮಿಡಲ್‌ವೇರ್.

ಆದರೆ ಆ ನಡುವಿನ ಪದರವೇ ಯುರೋಪಿನಲ್ಲಿ ನಾಲ್ಕು ತರಹ ಬೆಳೆದುಬಿಟ್ಟಿತ್ತು. ಉತ್ತರದ ದೇಶಗಳಲ್ಲಿ ಆರ್ಕ್. ಜರ್ಮನಿಯ ಸೂಪರ್‌ಕಂಪ್ಯೂಟರ್ ಕೇಂದ್ರಗಳಲ್ಲಿ ಹುಟ್ಟಿದ ಯೂನಿಕೋರ್. ಸರ್ನ್ ಸುತ್ತ ಬೆಳೆದ ಜಿಲೈಟ್. ಡೇಟಾ ಇಡಲು ಡಿಕ್ಯಾಶ್. ಇವನ್ನು ಹತ್ತಿರ ತರಲು 2010ರ ಮೇ 1ರಂದು ಯುರೋಪಿಯನ್ ಮಿಡಲ್‌ವೇರ್ ಇನಿಶಿಯೇಟಿವ್ ಎಂಬ ಮೂರು ವರ್ಷದ ಯೋಜನೆ ಶುರುವಾಯಿತು. ನಾವೆಲ್ಲ ಇಎಂಐ ಅನ್ನುತ್ತಿದ್ದೆವು, ಸಾಲದ ಕಂತಿಗೂ ಇದಕ್ಕೂ ಸಂಬಂಧ ಇಲ್ಲ. ನನ್ನ ಪಾಲಿಗೆ ಬಂದದ್ದು ಪರೀಕ್ಷೆ ಮತ್ತು ಸೈಟ್‌ನ ಮಾಹಿತಿ ಪ್ರಕಟಿಸುವ ಭಾಗ.

ಮೊದಲ ಕೆಲವು ತಿಂಗಳು ನಾನು ಸ್ಪೆಸಿಫಿಕೇಶನ್ ಓದುತ್ತಾ ಕೂತೆ. ಅದರಿಂದ ಹೆಚ್ಚೇನೂ ತಿಳಿಯಲಿಲ್ಲ. ನಿಜವಾಗಿ ಕಣ್ಣು ತೆರೆಸಿದ್ದು ಒಂದು ಸಣ್ಣ ಕೆಲಸ. ಒಂದೇ ಜಾಬನ್ನು ಮೂರೂ ಕಡೆಯ ಭಾಷೆಯಲ್ಲಿ ಬರೆದು, ಒಂದು ಹಾಳೆಯಲ್ಲಿ ಪಕ್ಕ ಪಕ್ಕ ಇಟ್ಟೆ. ಜಿಲೈಟ್‌ನಲ್ಲಿ ಜೆಡಿಎಲ್, ಆರ್ಕ್‌ನಲ್ಲಿ ಎಕ್ಸ್‌ಆರ್‌ಎಸ್‌ಎಲ್, ಯೂನಿಕೋರ್‌ನಲ್ಲಿ ಜೆಎಸ್‌ಡಿಎಲ್. ಮೂರರಲ್ಲೂ ಸಿಪಿಯು ಸಮಯ 120 ಅಂತ ಬರೆದೆ. ಮೊದಲ ಎರಡರಲ್ಲಿ ಅದು ಎರಡು ಗಂಟೆ. ಮೂರನೆಯದರಲ್ಲಿ ಎರಡು ನಿಮಿಷ!

ನಮ್ಮಜ್ಜಿ ಪಕ್ಕಾ ಸೇರು, ಕಚ್ಚಾ ಸೇರು ಅಂತ ಬೇರೆ ಬೇರೆ ಹೇಳುತ್ತಿದ್ದರು. ಪಕ್ಕದ ಮನೆಗೆ ರಾಗಿ ಸಾಲ ಕೊಡುವಾಗ ಯಾವ ಸೇರು ಅನ್ನೋದನ್ನು ಮೊದಲು ಮಾತಾಡಿಕೊಂಡೇ ಅಳೆಯುತ್ತಿದ್ದರು. ಆ ಹಾಳೆ ನೋಡಿದಾಗ ನನಗೆ ಅಜ್ಜಿಯ ಕಣಜವೇ ನೆನಪಾಯಿತು. ನಾವು ಸೇರಿನ ಮಾತು ಆಡದೆಯೇ ರಾಗಿ ಅಳೆಯಲು ಹೊರಟಿದ್ದೆವು.

ಅಂದಿನಿಂದ ಆ ಹಾಳೆಯೇ ನನ್ನ ಮುಖ್ಯ ದಾಖಲೆಯಾಯಿತು. ಪ್ರತಿ ವಾರದ ಫೋನ್ ಮೀಟಿಂಗ್‌ಗೆ ಮುಂಚೆ ಅದಕ್ಕೆ ಒಂದು ಸಾಲು ಸೇರಿಸುತ್ತಿದ್ದೆ. ಈ ಪದಕ್ಕೆ ನಿಮ್ಮಲ್ಲಿ ಏನರ್ಥ, ಯಾವ ಯೂನಿಟ್, ಖಾಲಿ ಬಿಟ್ಟರೆ ಏನಾಗುತ್ತದೆ? ಈ ಮೂರೇ ಪ್ರಶ್ನೆ. "ಜಗತ್ತಿಗೆ ಒಂದೇ ಮಾದರಿ" ಅಂತ ಶುರು ಮಾಡಿದರೆ ಮೀಟಿಂಗ್ ಜಗಳದಲ್ಲಿ ಮುಗಿಯುತ್ತಿತ್ತು. ಒಂದು ಪದ ಹಿಡಿದು ಕೂತರೆ ಅರ್ಧ ಗಂಟೆಯಲ್ಲಿ ಒಪ್ಪಿಗೆ ಆಗುತ್ತಿತ್ತು.

ಮಾಹಿತಿ ವ್ಯವಸ್ಥೆಯಲ್ಲಂತೂ ಸಾಲುಗಳು ಜಾಸ್ತಿ. ಪ್ರತಿ ಸೈಟ್ ತನ್ನಲ್ಲಿ ಎಷ್ಟು ಕೋರ್ (ಚಿಪ್‌ನೊಳಗೆ ಲೆಕ್ಕ ಮಾಡುವ ಘಟಕ) ಇದೆ, ಎಷ್ಟು ಜಾಬ್ ಕಾಯುತ್ತಿವೆ ಅನ್ನೋದನ್ನು ಬಿಡಿಐಐ ಎಂಬ ಸರ್ವರ್ ಮೂಲಕ ಹೊರಗೆ ತಿಳಿಸುತ್ತಿತ್ತು. ಅದು ಯಾವ ರೂಪದಲ್ಲಿರಬೇಕು ಎಂಬ ಮಾದರಿಗೆ ಗ್ಲೂ ಎಂದು ಹೆಸರು. ಹಳೆಯ ಗ್ಲೂನಲ್ಲಿ 'ಫಿಸಿಕಲ್ ಸಿಪಿಯು' ಅಂತ ಒಂದು ಜಾಗ ಇತ್ತು. ಅಲ್ಲಿ ತುಂಬಬೇಕಾದದ್ದು ಬೋರ್ಡ್ ಮೇಲಿನ ಸಾಕೆಟ್‌ಗಳ, ಅಂದರೆ ಚಿಪ್ ಕೂರುವ ಜಾಗಗಳ, ಸಂಖ್ಯೆ. ಕೋರ್‌ಗಳ ಸಂಖ್ಯೆ ಹೋಗಬೇಕಾದದ್ದು 'ಲಾಜಿಕಲ್ ಸಿಪಿಯು' ಅನ್ನೋ ಜಾಗಕ್ಕೆ. ಹೆಸರು ನೋಡಿ ತುಂಬಿದವರು ತಪ್ಪದೇ ಇರುವುದು ಹೇಗೆ, ಅಲ್ವಾ?

ಇನ್ನೊಂದು 444444. ಈ ಸಂಖ್ಯೆ ನೋಡಿದರೆ ಗ್ರಿಡ್ ನಡೆಸಿದ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. ಕ್ಯೂನಿಂದ ಮಾಹಿತಿ ಬರದೇ ಹೋದಾಗ, ಕಾಯುತ್ತಿರುವ ಜಾಬ್‌ಗಳ ಜಾಗದಲ್ಲಿ ಕಾಣುವ ಸಂಖ್ಯೆ ಅದು. ಉದ್ದೇಶ ಒಳ್ಳೆಯದೇ. ಇಷ್ಟು ಉದ್ದದ ಕ್ಯೂಗೆ ಯಾರೂ ಜಾಬ್ ಕಳಿಸದಿರಲಿ ಅಂತ. ಆದರೆ ದೇಶವಾರು ಮೊತ್ತ ಮಾಡುವ ಗ್ರಾಫ್‌ಗಳು ಅದನ್ನೂ ನಿಜವಾದ ಎಣಿಕೆ ಅಂದುಕೊಂಡು ಕೂಡಿಸುತ್ತಿದ್ದವು. 'ಗೊತ್ತಿಲ್ಲ' ಅನ್ನೋದನ್ನು ಹೇಳಲೂ ಒಂದು ಒಪ್ಪಿದ ಪದ ಬೇಕು ಅನ್ನೋದನ್ನು ನಾನು ಕಲಿತದ್ದು ಇಲ್ಲಿ. ನಮ್ಮ ಹಾಳೆಯ ಮೂರನೆಯ ಪ್ರಶ್ನೆ ಹುಟ್ಟಿದ್ದೂ ಇದರಿಂದಲೇ.

ಗ್ಲೂ 2.0 ಮಾದರಿ 2009ರಲ್ಲೇ, ಗ್ರಿಡ್‌ಗೆ ಸ್ಟ್ಯಾಂಡರ್ಡ್ ರೂಪಿಸುವ ಓಪನ್ ಗ್ರಿಡ್ ಫೋರಂನಲ್ಲಿ ಒಪ್ಪಿಗೆಯಾಗಿತ್ತು. ಕಾಗದದ ಮೇಲೆ ಇದ್ದದ್ದನ್ನು ನೂರಾರು ಸೈಟ್‌ಗೆ ತಲುಪಿಸುವುದು ಉಳಿದಿತ್ತು. ಹಳೆಯದನ್ನು ಒಂದೇ ದಿನ ಕಿತ್ತು ಹಾಕುವಂತಿಲ್ಲ. ಹಾಗಾಗಿ ಎರಡನ್ನೂ ಒಟ್ಟಿಗೆ ಪ್ರಕಟಿಸುತ್ತಾ ಹೋದೆವು. ನನ್ನ 2,880 ನುಸುಳಿದ್ದು ಇಂಥ ಸಂದಿಯಲ್ಲೇ. ಆ ಫೋನ್ ಬಂದ ಮೇಲೆ ನಾನು ಒಂದು ಪರೀಕ್ಷೆ ಬರೆದೆ. ಎರಡೂ ಕಡೆಯ ಸಮಯವನ್ನು ಓದಿ, ಹೊಸದು ಹಳೆಯದರ 60 ಪಟ್ಟು ಇರದಿದ್ದರೆ ಕೂಗಿ ಹೇಳುವ ಪರೀಕ್ಷೆ. ಹತ್ತು ಸಾಲೂ ಇಲ್ಲ. ಮೊದಲ ದಿನವೇ ಬರೆಯಬೇಕಿತ್ತು.

ಜಾಬ್ ಕಳಿಸುವ ಭಾಗದ ಕಥೆ ಬೇರೆ. ಅಲ್ಲಿ ಇಎಂಐ-ಇಎಸ್ ಎಂಬ ಒಂದೇ ಇಂಟರ್‌ಫೇಸ್‌ಗೆ ಮೂರೂ ತಂಡ ಒಪ್ಪಿದವು. ನಾವು ಜಾಬ್ ಕಳಿಸುವ ಮೂರು ಕ್ಲೈಂಟ್, ಅದನ್ನು ಪಡೆಯುವ ಮೂರು ಸರ್ವರ್ ಇಟ್ಟು ಒಂಬತ್ತು ಮನೆಯ ಪಟ್ಟಿ ಮಾಡಿದೆವು. ತಮ್ಮ ಕ್ಲೈಂಟ್‌ನಿಂದ ತಮ್ಮದೇ ಸರ್ವರ್‌ಗೆ ಹೋಗುವ ಮೂರು ಮನೆ ಬೇಗ ಹಸಿರಾದವು. ಉಳಿದ ಆರು ತಿಂಗಳುಗಟ್ಟಲೆ ಕೆಂಪು. ಐಚ್ಛಿಕ ಅಂತ ಬರೆದಿದ್ದ ಭಾಗವನ್ನು ಕಳಿಸದಿದ್ದರೆ ಒಂದು ಸರ್ವರ್ ತನ್ನ ರೂಢಿಯ ಮೌಲ್ಯ ಹಾಕಿಕೊಳ್ಳುತ್ತಿತ್ತು, ಇನ್ನೊಂದು ಜಾಬನ್ನೇ ವಾಪಸ್ ಕಳಿಸುತ್ತಿತ್ತು. ಇಬ್ಬರೂ ಸ್ಪೆಸಿಫಿಕೇಶನ್ ಪ್ರಕಾರ ಸರಿಯೇ. ಆಗ ನಾವು ಮಾಡಿದ್ದು ಇಷ್ಟು: ಇಬ್ಬರು ಪ್ರೋಗ್ರಾಮರ್‌ಗಳನ್ನು ಒಂದೇ ಮೇಜಿಗೆ ಕರೆದು, ಒಬ್ಬರ ಕ್ಲೈಂಟ್ ಇನ್ನೊಬ್ಬರ ಸರ್ವರ್ ಜೊತೆ ಮಾತಾಡುವುದನ್ನು ಇಬ್ಬರಿಗೂ ತೋರಿಸಿದೆವು. ನಲವತ್ತು ಮೇಲ್‌ಗಳಲ್ಲಿ ಬಗೆಹರಿಯದ್ದು ಒಂದು ಮಧ್ಯಾಹ್ನದಲ್ಲಿ ಬಗೆಹರಿಯಿತು.

ಭದ್ರತೆಯ ಕಡೆ ನನಗೆ ತುಂಬಾ ಇಷ್ಟವಾದ ಒಂದು ಬದಲಾವಣೆ ಇದೆ. ಹಳೆಯ ಗ್ರಿಡ್ ಭದ್ರತೆ ನೋಡಲು, ವೆಬ್ ಸಂಪರ್ಕವನ್ನು ಗುಟ್ಟಾಗಿಡುವ ಮಾಮೂಲಿ ಎಸ್‌ಎಸ್‌ಎಲ್ ತರಹವೇ ಇತ್ತು. ಸಂಪರ್ಕ ಆದ ಮೇಲೆ ಕ್ಲೈಂಟ್ ಒಂದೇ ಒಂದು ಅಕ್ಷರ ಜಾಸ್ತಿ ಕಳಿಸುತ್ತಿತ್ತು, ತನ್ನ ಅಧಿಕಾರವನ್ನು ಸರ್ವರ್‌ಗೆ ವಹಿಸುತ್ತದೋ ಇಲ್ಲವೋ ಅಂತ ಹೇಳಲು. ಆ ಒಂದು ಅಕ್ಷರದಿಂದ ಜಗತ್ತಿನ ಎಲ್ಲ ಮಾಮೂಲಿ ವೆಬ್ ಸಾಧನಗಳೂ ಹೊರಗೆ ಉಳಿದವು. ಅದನ್ನು ಬಿಟ್ಟು, ಎಸ್‌ಎಸ್‌ಎಲ್‌ನ ಮುಂದಿನ ರೂಪವಾದ ಸಾಮಾನ್ಯ ಟಿಎಲ್‌ಎಸ್‌ಗೆ ಬರುವುದು ಯೋಜನೆಯ ಗುರಿಗಳಲ್ಲಿ ಒಂದಾಗಿತ್ತು. ಫೈಲ್‌ಗಳ ಜಾಗವೂ ಹಾಗೆಯೇ. ಮೊದಲು ಜಿಲೈಟ್‌ನದೆಲ್ಲ ತನ್ನದೇ ಒಂದು ಡೈರೆಕ್ಟರಿಯಲ್ಲಿ ಇರುತ್ತಿತ್ತು. 2011ರ ಮೇ ತಿಂಗಳ ಮೊದಲ ಬಿಡುಗಡೆಯಿಂದ ಎಲ್ಲವೂ ಲಿನಕ್ಸ್‌ನ ಮಾಮೂಲಿ ಜಾಗಕ್ಕೆ ಬಂದವು. ಆ ಬಿಡುಗಡೆಗೆ ಸ್ವೀಡನ್‌ನ ಬೆಟ್ಟ ಕೆಬ್ನೆಕೈಸೆಯ ಹೆಸರು. ಆಮೇಲಿನವು ಮ್ಯಾಟರ್‌ಹಾರ್ನ್ ಮತ್ತು ಮಾಂಟೆ ಬಿಯಾಂಕೊ. ಹೊಸದಾಗಿ ಕೆಲಸಕ್ಕೆ ಸೇರಿದ ಅಡ್ಮಿನ್‌ಗೆ ಲಾಗ್ ಎಲ್ಲಿದೆ ಅಂತ ನಾನು ಹೇಳಿಕೊಡುವುದು ಅಲ್ಲಿಗೆ ನಿಂತಿತು. ಸ್ಟ್ಯಾಂಡರ್ಡ್ ಅಂದರೆ ಹೊಸದನ್ನು ಕಟ್ಟುವುದು ಅಂತ ಮೊದಲು ಅಂದುಕೊಂಡಿದ್ದೆ. ನಮ್ಮಲ್ಲಿ ಅತಿ ಹೆಚ್ಚು ಉಪಯೋಗವಾದದ್ದು ನಮ್ಮದೇ ಆದ ವಿಶೇಷಗಳನ್ನು ಬಿಟ್ಟುಕೊಟ್ಟದ್ದು.

ಗುರುತಿನ ವಿಷಯದಲ್ಲಿ ಮಾತ್ರ ನಮ್ಮ ಹಿಂದಿನವರು ದಾರಿ ಮಾಡಿಟ್ಟಿದ್ದರು. ಯುರೋಪ್, ಅಮೆರಿಕ, ಏಷ್ಯಾ-ಪೆಸಿಫಿಕ್ ಮೂರೂ ಕಡೆಯ ಸರ್ಟಿಫಿಕೇಟ್ (ಬಳಸುವವನ ಡಿಜಿಟಲ್ ಗುರುತಿನ ಚೀಟಿ) ಮಂಡಳಿಗಳು ಒಬ್ಬರನ್ನೊಬ್ಬರು ನಂಬುವ ನಿಯಮ ಮೊದಲೇ ಇತ್ತು. ಭಾರತದ ವಿಜ್ಞಾನಿಗಳಿಗೆ ಸರ್ಟಿಫಿಕೇಟ್ ಕೊಡುವ ಕೆಲಸ ಬೆಂಗಳೂರಿನ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟಿಂಗ್ ಸಂಸ್ಥೆಯಿಂದ ನಡೆಯುತ್ತಿತ್ತು. ಭಾರತದ ಗರುಡ ಗ್ರಿಡ್ ಕಟ್ಟಿದ್ದೂ ಅದೇ ಸಂಸ್ಥೆ. ಬೆಂಗಳೂರಿನಲ್ಲಿ ಸಹಿಯಾದ ಸರ್ಟಿಫಿಕೇಟ್ ನಮ್ಮ ಸರ್ವರ್‌ನಲ್ಲಿ ಪ್ರಶ್ನೆ ಇಲ್ಲದೆ ಒಳಗೆ ಬರುವುದನ್ನು ಲಾಗ್‌ನಲ್ಲಿ ನೋಡುವಾಗ ನನಗೆ ಆಗುತ್ತಿದ್ದ ಸಂತೋಷ ದೊಡ್ಡದು.

ಇಎಂಐ 2013ರ ಏಪ್ರಿಲ್‌ನಲ್ಲಿ ಮುಗಿಯಿತು. ಒಂಬತ್ತು ಮನೆಗಳನ್ನು ಹಸಿರು ಮಾಡಲು ಅಷ್ಟು ಕಷ್ಟಪಟ್ಟ ಇಂಟರ್‌ಫೇಸ್, ನಾವು ಆಸೆಪಟ್ಟಷ್ಟು ಬಳಕೆಗೆ ಬರಲಿಲ್ಲ. ಆ ಹೊತ್ತಿಗೆ ದೊಡ್ಡ ಪ್ರಯೋಗಗಳು ಪೈಲಟ್ ಜಾಬ್ ಪದ್ಧತಿ ಹಿಡಿದಿದ್ದವು. ಮೊದಲು ಒಂದು ಖಾಲಿ ಜಾಬ್ ಹೋಗಿ ಮಷೀನ್ ಹಿಡಿದು ಕೂರುತ್ತದೆ, ಆಮೇಲೆ ಅದೇ ತನ್ನ ಕೇಂದ್ರದಿಂದ ನಿಜವಾದ ಕೆಲಸ ಎಳೆದುಕೊಳ್ಳುತ್ತದೆ. ಆಗ ಜಾಬ್ ವಿವರಣೆ ಎಷ್ಟು ಚೆಂದ ಇದೆ ಅನ್ನೋದಕ್ಕೆ ಬೆಲೆ ಕಡಿಮೆ. ಇದು ನನಗೆ ನೋವು ಕೊಟ್ಟಿತು, ಮುಚ್ಚಿಡುವುದಿಲ್ಲ. ಬಳಸುವವರ ಜೊತೆ ಇನ್ನೂ ಮೊದಲೇ ಕೂತು ಮಾತಾಡಬೇಕಿತ್ತು. ಗ್ಲೂ 2.0 ಮಾತ್ರ ನಿಂತಿತು. ಮಾಮೂಲಿ ಪ್ಯಾಕೇಜ್‌ಗಳು, ಮಾಮೂಲಿ ಟಿಎಲ್‌ಎಸ್ ನಿಂತವು. ಪೈಲಟ್ ಬಂದರೂ ಸೈಟ್ ತನ್ನ ಬಗ್ಗೆ ಸರಿಯಾಗಿ ಹೇಳಲೇಬೇಕಲ್ಲ.

ಹುಡುಗನ ಜಾಬ್‌ಗಳು, ಸ್ಕ್ರಿಪ್ಟ್ ಸರಿ ಮಾಡಿದ ರಾತ್ರಿಯೇ ಬಂದವು. ಬೆಳಗ್ಗೆ ನೋಡಿದರೆ ಕ್ಯೂ ತುಂಬಿತ್ತು. "ಬಂತು ನೋಡಪ್ಪ" ಅಂತ ಮೆಸೇಜ್ ಹಾಕಿದೆ.

ಈಗ ಗ್ರಿಡ್‌ನಲ್ಲಿ ಸರ್ಟಿಫಿಕೇಟ್‌ನಿಂದ ಟೋಕನ್‌ಗೆ ಸಾಗುವ ಕೆಲಸ ನಡೆದಿದೆ. ಟೋಕನ್ ಅಂದರೆ ಸ್ವಲ್ಪ ಹೊತ್ತು ಮಾತ್ರ ನಡೆಯುವ ಅನುಮತಿ ಚೀಟಿ. ಅದು ಯಾವಾಗ ಮುಗಿಯುತ್ತದೆ ಅನ್ನೋದನ್ನು 1970ರಿಂದ ಎಣಿಸಿದ ಸೆಕೆಂಡುಗಳಲ್ಲಿ ಬರೆಯುತ್ತಾರೆ. ನಮ್ಮ ಸೈಟ್‌ನಲ್ಲಿ ಈ ಕೆಲಸ ಶುರುವಾದ ದಿನ ನಾನು ಮಾಡಿದ ಮೊದಲ ಕೆಲಸ, ಹೊಸ ಹಾಳೆ ತೆಗೆದು ಮೂರು ಕಾಲಂ ಎಳೆದದ್ದು. ಏನರ್ಥ, ಯಾವ ಯೂನಿಟ್, ಖಾಲಿ ಬಿಟ್ಟರೆ ಏನು. ಸದ್ಯಕ್ಕೆ ಹದಿನಾಲ್ಕು ಸಾಲು ತುಂಬಿವೆ.