ಡ್ರಗ್ಸ್ ಚಟಕ್ಕೆ ಬಿದ್ದ ಮನೆಯವ್ರನ್ನ ಚಿಕಿತ್ಸೆಗೆ ಸೇರಿಸೋದು ಹೇಗೆ? ಕಾನೂನಲ್ಲೇ ಒಂದು ದಾರಿ ಇದೆ

ನಮ್ಮ ಬೀದಿಯ ಒಬ್ಬ ತಾಯಿ ಮಗನ ಪ್ಯಾಂಟ್ ಒಗೆಯೋಕೆ ಹಾಕೋ ಮುಂಚೆ ಜೇಬಿಗೆ ಕೈ ಹಾಕಿದ್ರೆ ಮಡಚಿದ ಅಲ್ಯೂಮಿನಿಯಂ ಫಾಯಿಲ್ ಸಿಕ್ತು, ಬಿಡಿಸಿದ್ರೆ ಮಧ್ಯದಲ್ಲಿ ಹಾವು ಹರಿದ ಹಾಗೆ ಸುಟ್ಟ ಕಪ್ಪು ಗೆರೆ, ಹೆರಾಯಿನ್ ಕಾಯಿಸಿ ಹೊಗೆ ಎಳೆದ ಗುರುತು. ಅವ್ರು ನನ್ನ ಕೇಳಿದ ಮೊದಲ ಮಾತು "ಪೊಲೀಸ್ರಿಗೆ ಗೊತ್ತಾದ್ರೆ ಏನ್ ಗತಿ" ಅಂತ. ಡಾಕ್ಟರ್ ಮಾತು ಬಂದಿದ್ದು ಮೂರು ವಾರ ಆದ್ಮೇಲೆ. ಆ ಮೂರು ವಾರ ಯಾರ ಮನೇಲೂ ಹಾಳಾಗ್ಬಾರ್ದು ಅಂತ ಇದನ್ನ ಬರೀತಿದೀನಿ.

ಮೊದಲು ಕಾನೂನು ಏನು ಹೇಳುತ್ತೆ ತಿಳ್ಕೊಳ್ಳಿ. 1985ರ ಎನ್‌ಡಿಪಿಎಸ್ ಕಾಯ್ದೆ, ಅಂದ್ರೆ ಮಾದಕ ವಸ್ತುಗಳ ಕಾಯ್ದೆ ಪ್ರಕಾರ ಡ್ರಗ್ಸ್ ಸೇವಿಸೋದೂ ಅಪರಾಧನೇ, ಸೆಕ್ಷನ್ 27ರಲ್ಲಿ ಹೆರಾಯಿನ್, ಕೊಕೇನ್‌ಗೆ 1 ವರ್ಷದ ತನಕ ಜೈಲು ಇಲ್ಲಾ 20,000 ರೂಪಾಯಿ ತನಕ ದಂಡ ಅಥವಾ ಎರಡೂ. ಆದ್ರೆ ಅದೇ ಕಾಯ್ದೆಯ ಸೆಕ್ಷನ್ 64ಎ ಓದಿ: ಚಟ ಹತ್ತಿದವರ ಮೇಲೆ ಸೇವನೆ ಕೇಸೋ ಸಣ್ಣ ಪ್ರಮಾಣದ ಕೇಸೋ ಬಿದ್ದಾಗ, ಅವ್ರು ತಾವಾಗೇ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರೋ ಕಡೆ ಚಿಕಿತ್ಸೆ ತಗೊಂಡ್ರೆ ಆ ಕೇಸ್ ನಡೆಸೋ ಹಾಗಿಲ್ಲ. ಸಣ್ಣ ಪ್ರಮಾಣ ಅಂದ್ರೆ ಗಾಂಜಾ ಆದ್ರೆ 1 ಕೆಜಿ ಒಳಗೆ, ಹೆರಾಯಿನ್ 5 ಗ್ರಾಂ ಒಳಗೆ, ಎಂಡಿಎಂಎ ಅನ್ನೋ ಪಾರ್ಟಿ ಡ್ರಗ್ ಬರೀ ಅರ್ಧ ಗ್ರಾಂ ಒಳಗೆ. ಚಿಕಿತ್ಸೆ ಅರ್ಧಕ್ಕೆ ಬಿಟ್ರೆ ಈ ರಕ್ಷಣೆ ವಾಪಸ್ ತಗೋಬಹುದು, ಅದಕ್ಕೇ ಮೊದಲನೇ ದಿನದ ಓಪಿಡಿ ಚೀಟಿಯಿಂದ ಹಿಡಿದು ಪ್ರತಿ ಕಾಗದನೂ ಒಂದು ಕವರಲ್ಲಿ ಜೋಪಾನ ಮಾಡಿ.

ನನ್ನ ಕೇಳಿದ್ರೆ ಇದೂ ಸಾಲದು. ಪೋರ್ಚುಗಲ್ 2001ರಲ್ಲೇ 10 ದಿನದ ಬಳಕೆಗೆ ಆಗುವಷ್ಟರ ತನಕ ಇಟ್ಕೊಳ್ಳೋದನ್ನ ಕ್ರಿಮಿನಲ್ ಕೇಸಿಂದ ತೆಗೆದುಹಾಕಿ, ಸಿಕ್ಕಿಬಿದ್ದವ್ರನ್ನ ಕೋರ್ಟ್ ಬದ್ಲು ಒಂದು ಸಮಿತಿ ಮುಂದೆ ಕೂರಿಸಿ ಮಾತಾಡಿಸೋ ವ್ಯವಸ್ಥೆ ಮಾಡ್ತು. ನಮ್ಮಲ್ಲಿ ಕಾಯಿಲೆ ಬಿದ್ದವನು ಇವತ್ತಿಗೂ ಮೊದಲು ಆರೋಪಿ, ಆಮೇಲೆ ರೋಗಿ.

ಇನ್ನು ಎಲ್ಲಿಗೆ ಹೋಗೋದು. ಎರಡು ನಂಬರ್ ಬರ್ಕೊಳ್ಳಿ, 14446 ವ್ಯಸನಮುಕ್ತಿ ಸಹಾಯವಾಣಿ, 14416 ಟೆಲಿ ಮನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ. ಬೆಂಗಳೂರಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ (ಎರಡೂ ಮಾನಸಿಕ ಆರೋಗ್ಯದ ಆಸ್ಪತ್ರೆಗಳು), ಉಳಿದ ಕಡೆ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗ. ತಾಲೂಕು ಆಸ್ಪತ್ರೇಲಿ ಮಂಗಳವಾರದ ಮನೋಚೈತನ್ಯ ಅನ್ನೋ ಮಾನಸಿಕ ಆರೋಗ್ಯದ ಕ್ಲಿನಿಕ್ ಇದೆಯಾ ಅಂತಲೂ ವಿಚಾರಿಸಿ.

ಮನೇಲೇ ರೂಮಲ್ಲಿ ಕೂಡಿಹಾಕಿ ಬಿಡಿಸ್ತೀವಿ ಅಂತ ಮಾತ್ರ ಹೋಗ್ಬೇಡಿ. ಹೆರಾಯಿನ್ ನಿಂತಾಗ ಮೂಗು ಸೋರುತ್ತೆ, ಆಕಳಿಕೆ ಮೇಲೆ ಆಕಳಿಕೆ, ಮೈಯೆಲ್ಲ ನೋವು, ಭೇದಿ. ಕುಡಿತ ಅಥವಾ ನಿದ್ದೆ ಮಾತ್ರೆ ತಟ್ಟನೆ ನಿಲ್ಲಿಸಿದ್ರೆ ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಇನ್ನೊಂದು ವಿಷ್ಯ ಯಾರೂ ಹೇಳಲ್ಲ: ಕೆಲವು ವಾರ ಹೆರಾಯಿನ್ ಬಿಟ್ಟ ದೇಹಕ್ಕೆ ಹಳೇ ಡೋಸ್ ತಡೆಯೋ ಶಕ್ತಿ ಇರಲ್ಲ, ವ್ಯಸನಮುಕ್ತಿ ಸೆಂಟರಿಂದ ಅಥವಾ ಜೈಲಿಂದ ಬಂದ ಮೊದಲ ವಾರಗಳಲ್ಲೇ ಓವರ್‌ಡೋಸ್ ಸಾವಿನ ಅಪಾಯ ಜಾಸ್ತಿ.

ಹೆರಾಯಿನ್ ಥರದ್ದಾದ್ರೆ ಡಾಕ್ಟರ್ ಹತ್ರ ಓಎಸ್‌ಟಿ ಬಗ್ಗೆ ಕೇಳಿ, ಅಂದ್ರೆ ಹೆರಾಯಿನ್ ಬದ್ಲು ಡಾಕ್ಟರ್ ಉಸ್ತುವಾರಿಯಲ್ಲಿ ಬೇರೆ ಔಷಧಿ ಕೊಡೋ ಚಿಕಿತ್ಸೆ. ನಾನೊಂದು ಸೆಂಟರಲ್ಲಿ ಕೂತು ನೋಡಿದೀನಿ. ನರ್ಸ್ ಬ್ಯೂಪ್ರಿನಾರ್ಫಿನ್ ಮಾತ್ರೆ ಪುಡಿ ಮಾಡಿ ನಾಲಿಗೆ ಕೆಳಗೆ ಹಾಕ್ತಾರೆ, ಹುಡುಗ ಬಾಯಿ ಮುಚ್ಚಿ ಬೆಂಚಲ್ಲಿ ಕೂರ್ತಾನೆ, ಕೆಲವು ನಿಮಿಷ ಆದ್ಮೇಲೆ ಬಾಯಿ ತೆಗೆಸಿ ನೋಡಿ ಕಳಿಸ್ತಾರೆ, ಅವನು ಅಲ್ಲಿಂದ ಸೀದಾ ಕೆಲಸಕ್ಕೆ. ಒಂದು ಚಟ ಬಿಡಿಸಿ ಇನ್ನೊಂದು ಹಚ್ತಾರೆ ಅನ್ನೋರಿದಾರೆ, ಆದ್ರೆ ವಿಶ್ವ ಆರೋಗ್ಯ ಸಂಸ್ಥೆ ಈ ಮಾತ್ರೆನ 2005ರಲ್ಲೇ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಮಾತ್ರೆಯಿಂದಾಗಿ ಡ್ರಗ್ಸ್ ಚುಚ್ಕೊಳ್ಳೋ ಸೂಜಿ ಹಂಚ್ಕೊಳ್ಳೋದು ತಪ್ಪಿದ್ರೆ ಎಚ್‌ಐವಿ ಹರಡೋದೂ ಕಮ್ಮಿ ಆಗುತ್ತೆ.

ಪ್ರೈವೇಟ್ ಸೆಂಟರ್‌ಗೆ ಸೇರಿಸೋದಾದ್ರೆ ದುಡ್ಡು ಕಟ್ಟೋ ಮುಂಚೆ ನೋಂದಣಿ ಪತ್ರ ತೋರಿಸಿ ಅನ್ನಿ, ಯಾವ ಡಾಕ್ಟರ್ ಯಾವತ್ತು ಬರ್ತಾರೆ ಕೇಳಿ, ಒಳಗೆ ಹೋಗಿ ರೂಮ್ ನೋಡಿ. ಡ್ರಗ್ಸ್ ಚಟದ ಮಾನಸಿಕ ತೊಂದರೆನೂ 2017ರ ಮಾನಸಿಕ ಆರೋಗ್ಯ ಕಾಯ್ದೆಯೊಳಗೆ ಬರುತ್ತೆ, ಆ ಕಾಯ್ದೆ ಪ್ರಕಾರ ಯಾರನ್ನೂ ಸರಪಳಿಯಲ್ಲಿ ಕಟ್ಟೋ ಹಾಗಿಲ್ಲ, ಅವ್ರ ಆರೋಗ್ಯದ ಮಾಹಿತಿನ ಸಿಕ್ಕಸಿಕ್ಕವ್ರಿಗೆ ಹೇಳೋ ಹಾಗಿಲ್ಲ. ಒಪ್ಪಿಗೆ ಇಲ್ಲದೆ ಸೇರಿಸ್ಬೇಕಾದ್ರೆ ಒಬ್ಬ ಮನೋವೈದ್ಯರು, ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ಡಾಕ್ಟರ್ ಬೇರೆಬೇರೆಯಾಗಿ ಪರೀಕ್ಷೆ ಮಾಡಿರ್ಬೇಕು, ಅದೂ ಮೊದಲಿಗೆ 30 ದಿನಕ್ಕೆ ಮಾತ್ರ. ಹೊಡೀತಾರೆ, ಫೋನ್ ಕೊಡಲ್ಲ ಅಂತ ಗೊತ್ತಾದ್ರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ದೂರು ಕೊಡಿ.

ಅಷ್ಟರಲ್ಲಿ ಪೊಲೀಸರು ಹಿಡಿದೇಬಿಟ್ರೆ? ಮೈ ಶೋಧಿಸೋ ಮುಂಚೆ ಗೆಜೆಟೆಡ್ ಆಫೀಸರ್ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಮಾಡಿ ಅಂತ ಕೇಳೋ ಹಕ್ಕು ಸೆಕ್ಷನ್ 50ರಲ್ಲಿದೆ. ಕಸ್ಟಡಿಯಲ್ಲಿ ಇರೋರಿಗೆ ವಕೀಲರು ಉಚಿತ, 15100ಕ್ಕೆ ಫೋನ್ ಮಾಡಿ. ಮಾತಾಡೋವಾಗ ಸೆಕ್ಷನ್ 64ಎ ಅಂತ ಬಾಯಿಬಿಟ್ಟು ಹೇಳಿ, ಆ ಚಿಕಿತ್ಸೆಯ ಕಾಗದದ ಕವರನ್ನ ವಕೀಲರ ಕೈಗೆ ಕೊಡಿ.