ವಾರ್ಡಿನ ನೆಲಕ್ಕೆ ರಕ್ತ ಚೆಲ್ಲಿದರೆ

ರಕ್ತ ಬಿದ್ದ ಕೂಡಲೇ ಮಾಪ್ ಹಿಡಿದು ಓಡಬೇಡಿ, ಒರೆಸಿದಷ್ಟೂ ಹರಡುತ್ತದೆ. ಮೊದಲು ದಪ್ಪ ಗ್ಲೌಸ್, ಮಾಸ್ಕ್, ಮುಚ್ಚಿದ ಚಪ್ಪಲಿ. ಸೂಜಿ, ಒಡೆದ ಗಾಜು ಇದ್ದರೆ ಚಿಮಟದಿಂದಲೇ ಎತ್ತಿ: ಸೂಜಿ ಬಿಳಿ ಡಬ್ಬಿಗೆ, ಗಾಜು ನೀಲಿ ಡಬ್ಬಿಗೆ. ಚೆಲ್ಲಿದ್ದರ ಮೇಲೆ ಹೀರುವ ಬಟ್ಟೆ ಹಾಸಿ, ಅಂಚಿನಿಂದ ಒಳಕ್ಕೆ ಶೇ. 1ರ ಹೈಪೋಕ್ಲೋರೈಟ್ (ಕ್ಲೋರಿನ್ ಇರುವ ಸೋಂಕುನಾಶಕ) ದ್ರಾವಣ ಸುರಿದು ಕನಿಷ್ಠ 10 ನಿಮಿಷ ಬಿಡಿ. ಬಟ್ಟೆ ಹಳದಿ ಚೀಲಕ್ಕೆ. ಹೊಸ ದ್ರಾವಣದಿಂದ ಮತ್ತೊಮ್ಮೆ ಒರೆಸಿ, ಗ್ಲೌಸ್ ತೆಗೆದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ಎಡವಟ್ಟು ಹೆಚ್ಚಾಗುವುದು ದ್ರಾವಣದಲ್ಲೇ. ಕ್ಯಾನಿನ ಮೇಲೆ ಶೇ. 5 ಎಂದಿದ್ದರೆ 200 ಮಿ.ಲೀ.ಗೆ 800 ಮಿ.ಲೀ. ನೀರು, ಶೇ. 10 ಎಂದಿದ್ದರೆ 100ಕ್ಕೆ 900. ಲೇಬಲ್ ಓದದೆ ‘ಒಂದು ಮುಚ್ಚಳ’ ಹಾಕುವುದು ಲೆಕ್ಕವಲ್ಲ. ನೀರು ತಣ್ಣಗಿರಲಿ. ಮಳೆಗಾಲದಲ್ಲಿ ನಲ್ಲಿ ನೀರು ಕೆಂಪಾಗಿ ಬಂದರೆ ತಿಳಿಯಾಗಿಸಿಯೇ ಬಳಸಿ. ರಾಡಿ ಕ್ಲೋರಿನ್ ತಿಂದುಹಾಕುತ್ತದೆ. ಹುಬ್ಬಳ್ಳಿ, ಗದಗದ ಏಪ್ರಿಲ್ ಬಿಸಿಲಿಗೆ ಕಿಟಕಿ ಪಕ್ಕ ಇಟ್ಟ ಕ್ಯಾನ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ವಾಸನೆ ಹೊಡೀತಿದೆ ಎಂದು ನಂಬಬೇಡಿ, ಸತ್ವ ಇಳಿದ ಮೇಲೂ ವಾಸನೆ ಉಳಿದಿರುತ್ತದೆ. ದಿನಾ ಬೆಳಿಗ್ಗೆ ಹೊಸದು ಕಲಸಿ, ಸಮಯ ಬರೆದು ಮುಚ್ಚಿಡಿ. ಪಾಯಖಾನೆ ತೊಳೆಯುವ ಆ್ಯಸಿಡ್ ಜೊತೆ ಬೆರೆಸಿದರೆ ವಿಷಾನಿಲ ಏಳುತ್ತದೆ. ಉಕ್ಕಿನ ಟ್ರಾಲಿಗೆ ತಾಗಿದರೆ ನೀರಿನಿಂದ ಒರೆಸಿ, ಇಲ್ಲವಾದರೆ ತುಕ್ಕು.