ಕ್ಲಿಂಗನ್‌ನಲ್ಲಿ ಮೊದಲ ವಾಕ್ಯಗಳನ್ನು ಕಟ್ಟುವ ಬಗೆ

ಅಮೆರಿಕದ ವೈಜ್ಞಾನಿಕ ಕಲ್ಪನೆಯ ಸರಣಿ ‘ಸ್ಟಾರ್ ಟ್ರೆಕ್’ನಲ್ಲಿ ಬರುವ ಅನ್ಯಗ್ರಹದ ಕ್ಲಿಂಗನ್ನರು ಆಡುವುದು ಬಾಯಿಗೆ ಬಂದ ಸದ್ದಲ್ಲ. 1984ರಲ್ಲಿ ಬಂದ ಮೂರನೇ ಸಿನಿಮಾಕ್ಕಾಗಿ ಭಾಷಾವಿಜ್ಞಾನಿ ಮಾರ್ಕ್ ಓಕ್ರಾಂಡ್ ಈ ಭಾಷೆಗೆ ಪೂರ್ತಿ ವ್ಯಾಕರಣ ರೂಪಿಸಿದರು. 1985ರಲ್ಲಿ ನಿಘಂಟೂ ಬಂತು. ಕನ್ನಡ ಬಲ್ಲವರಿಗೆ ಇದರ ಪ್ರತ್ಯಯಗಳು ಬೇಗ ಒಲಿಯುತ್ತವೆ, ಪದಗಳ ಕ್ರಮ ಮಾತ್ರ ಕಾಡುತ್ತದೆ. ಅಭ್ಯಾಸದ ಹೆಚ್ಚಿನ ಹೊತ್ತು ಅದಕ್ಕೇ ಇರಲಿ.

ಮೊದಲು ಉಚ್ಚಾರಣೆ. ರೋಮನ್ ಬರಹದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ ಧ್ವನಿಗಳು. ದೊಡ್ಡ ‘ಡಿ’ ನಮ್ಮ ಡಕಾರ. ದೊಡ್ಡ ‘ಎಸ್’ ಷಕಾರ. ಮಾತಿನ ಓಟದಲ್ಲಿ ಶಕಾರ ಮಾಡಿಬಿಡದೆ ನಾಲಿಗೆ ಮಡಚಿಯೇ ಹೇಳಿ. ಚಿಕ್ಕ ‘ಕ್ಯೂ’ (ಇಲ್ಲಿ ‘ಕ’) ನಮ್ಮ ಕಕಾರಕ್ಕಿಂತ ಹಿಂದೆ, ಕಿರುನಾಲಿಗೆಯ ಬಳಿ ಹುಟ್ಟುತ್ತದೆ. ದೊಡ್ಡ ‘ಕ್ಯೂ’ (ಇಲ್ಲಿ ‘ಕ್ಖ’) ಅದೇ ಜಾಗದಲ್ಲಿ ಉಜ್ಜಿಕೊಂಡು ಹೊರಡುತ್ತದೆ. ಎರಡನ್ನೂ ಒಂದೇ ಮಾಡಿದರೆ ‘ಹೊಡೆ’ ಎಂಬ ಕ್ರಿಯಾಪದ ‘ದಡ್ಡನಾಗಿರು’ ಆಗುತ್ತದೆ. ‘ತ್ಲ್’ ಎಂದು ಬರೆದಿರುವ ಧ್ವನಿಗೆ ನಾಲಿಗೆಯ ತುದಿಯನ್ನು ತಕಾರದ ಜಾಗದಲ್ಲೇ ಒತ್ತಿಟ್ಟು, ಎರಡೂ ಬದಿಯಿಂದ ಉಸಿರು ನುಗ್ಗಿಸಿ. ಖ್, ಘ್ ಎಂದು ಬರೆದಲ್ಲಿ ಗಂಟಲ ಉಜ್ಜುದನಿ ಬೇಕು. ಮೇಲಿನ ಕೊಕ್ಕೆ (') ಗಂಟಲಲ್ಲಿ ಉಸಿರು ಗಕ್ಕನೆ ಕಟ್ಟುವ ವ್ಯಂಜನ. ಬಿಟ್ಟರೆ ಪದವೇ ಬೇರೆಯಾದೀತು.

ಈಗ ಕ್ರಮ: ಕರ್ಮ, ಕ್ರಿಯೆ, ಕರ್ತೃ. ‘ಖೋಡ್ ಲೆಘ್ ಪುಕ್’ ಎಂದರೆ ಮಗು ಕ್ಯಾಪ್ಟನ್ನನ್ನು ನೋಡುತ್ತದೆ. ‘ಪುಕ್ ಲೆಘ್ ಖೋಡ್’ ಎಂದರೆ ಕ್ಯಾಪ್ಟನ್ ಮಗುವನ್ನು ನೋಡುತ್ತಾನೆ. ಕನ್ನಡದಲ್ಲಿ ‘ಅನ್ನು’ ಇರುವುದರಿಂದ ಪದಗಳನ್ನು ಹಿಂದುಮುಂದು ಮಾಡಿದರೂ ಅರ್ಥ ಕೆಡುವುದಿಲ್ಲ. ಕ್ಲಿಂಗನ್‌ನಲ್ಲಿ ಕರ್ಮಕ್ಕೆ ವಿಭಕ್ತಿಯಿಲ್ಲ, ಜಾಗವೇ ಎಲ್ಲ. ನಮ್ಮವರು ಹೆಚ್ಚು ತಪ್ಪುವುದು ಇಲ್ಲೇ. ಹೀಗಾಗಿ ಯಾವ ವಾಕ್ಯ ಕಟ್ಟುವಾಗಲೂ ‘ಯಾರನ್ನು?’ ಎಂಬ ಪ್ರಶ್ನೆಗೆ ಮೊದಲು ಉತ್ತರ ಬರೆದು, ಆಮೇಲೆ ಕ್ರಿಯೆಗೆ ಹೋಗಿ.

ಕ್ರಿಯೆಯ ಮುಂದೆ ಕೂರುವ ಪೂರ್ವಪ್ರತ್ಯಯ ಯಾರು, ಯಾರನ್ನು ಎಂಬ ಎರಡನ್ನೂ ಒಟ್ಟಿಗೆ ಹೇಳುತ್ತದೆ. ಇವು 29 ಇವೆ. ಮೊದಲ ವಾರಕ್ಕೆ ಐದು ಸಾಕು. ಕಾಲೆಘ್: ನಾನು ನಿನ್ನನ್ನು ನೋಡುತ್ತೇನೆ. ಚೋಲೆಘ್: ನೀನು ನನ್ನನ್ನು. ಮುಲೆಘ್: ಅವನು ನನ್ನನ್ನು. ಡುಲೆಘ್: ಅವನು ನಿನ್ನನ್ನು. ವಿಲೆಘ್: ನಾನು ಅವನನ್ನು. ಕರ್ಮವೇ ಇಲ್ಲದಿದ್ದರೆ ‘ನಾನು’ವಿಗೆ ‘ಜಿ’, ‘ನೀನು’ವಿಗೆ ‘ಬಿ’. ‘ಖೋಡ್ ಜಿಲೆಘ್’ ತಪ್ಪು. ಕ್ಯಾಪ್ಟನ್ ಕರ್ಮವಾಗಿ ಮುಂದೆಯೇ ನಿಂತಿರುವಾಗ ‘ಖೋಡ್ ವಿಲೆಘ್’ ಆಗಬೇಕು.

ಬಾಲಪ್ರತ್ಯಯಗಳಲ್ಲಿ ನಮಗೆ ಮನೆಯ ನೆರಳಿದೆ. ‘ಬಿಯಾಜ್'ಆ'?’ ಎಂದರೆ ‘ತಿಳಿಯಿತಾ?’; ಪ್ರಶ್ನೆಯ ಆಕಾರ ಕೊನೆಯಲ್ಲೇ ಬರುತ್ತದೆ. ನಿಷೇಧಕ್ಕೆ ‘ಬೆ'’: ‘ಜಿಯಾಜ್‌ಬೆ'’, ನನಗೆ ತಿಳಿಯುವುದಿಲ್ಲ. ಈ ‘ಬೆ'’ ತನ್ನ ಹಿಂದೆ ಇರುವುದನ್ನೇ ಅಲ್ಲಗಳೆಯುತ್ತದೆ, ಆದ್ದರಿಂದ ಅದರ ಜಾಗಕ್ಕೆ ಬೆಲೆಯಿದೆ: ‘ವಿಲೆಘ್‌ನಿಷ್‌ಬೆ'’ ಎಂದರೆ ಅದನ್ನು ನೋಡಲೇಬೇಕಾಗಿಲ್ಲ, ‘ವಿಲೆಘ್‌ಬೆ'ನಿಷ್’ ಎಂದರೆ ನೋಡದೇ ಇರಬೇಕು. ಆಜ್ಞೆಗೆ ಮಾತ್ರ ‘ಬೆ'’ ಸಲ್ಲದು, ‘ಕ್ಖೋ'’ ಹಾಕಿ: ‘ಯಿಜಾತ್ಲ್‌ಕ್ಖೋ'!’, ಮಾತಾಡಬೇಡ!

ಕಾಲಸೂಚಕ ಪ್ರತ್ಯಯಗಳೇ ಇಲ್ಲ. ‘ಪು'’ ಭೂತಕಾಲವೆಂದು ಬಹಳ ಮಂದಿ ಅಂಟಿಸುತ್ತಾರೆ. ಅದು ಕೆಲಸ ಮುಗಿದಿದೆ ಎಂಬುದರ ಗುರುತು ಮಾತ್ರ. ನಿನ್ನೆಯ ಮಾತಿಗೆ ‘ವಾ'ಖು'’, ನಾಳೆಯದಕ್ಕೆ ‘ವಾ'ಲೆಷ್’ ಎಂದು ವಾಕ್ಯದ ತಲೆಗೆ ಇಡಿ.

ಸರಣಿಯಲ್ಲಿ ಪದೇ ಪದೇ ಕೇಳುವ ‘ಕ್ಖಾಪ್ಲಾ'’ ಯಶಸ್ಸಿನ ಹಾರೈಕೆ, ಬೀಳ್ಕೊಡುವಾಗ ಹೊಂದುತ್ತದೆ. ‘ನುಕ್‌ನೆಖ್’ ನಮಸ್ಕಾರವಲ್ಲ, ‘ಏನು ಬೇಕು?’ ಎಂಬ ಪ್ರಶ್ನೆ. ಎದುರಿನವರು ನಿಮ್ಮ ಬಳಿ ಬಂದಾಗ ಕೇಳಿ. ಪದ ಸಿಗದಿದ್ದರೆ ಹೊಸದನ್ನು ಹುಟ್ಟಿಸಬೇಡಿ, ಇರುವ ಪದಗಳಲ್ಲೇ ಸುತ್ತಿ ಹೇಳಿ: ಓಕ್ರಾಂಡ್ ಕೊಟ್ಟದ್ದನ್ನಷ್ಟೇ ಈ ಭಾಷೆ ಆಡುವವರು ಪ್ರಮಾಣವೆಂದು ಒಪ್ಪುತ್ತಾರೆ.